ಗೋಳಿಬಜೆಯ ಮೇಲೆ 40 ಮಹಡಿ?

[ದೃಶ್ಯ: ಕದ್ರಿ ಗುಡ್ಡ, ಡ್ರೋನ್‌ನಿಂದ. ಹಂಚಿನ ಮನೆಗಳ ನಡುವೆ ಟವರ್‌ಗಳು]

ನಮಸ್ಕಾರ. ನಮ್ಮ ನೋಡುಗರೊಬ್ಬರ ಪ್ರಶ್ನೆ: "ಅಣ್ಣಾ, ಮಂಗಳೂರಿನಲ್ಲಿ ಪ್ರತಿ ಮಳೆಗೆ ಗುಡ್ಡ ಜರಿತದೆ. ಅದೇ ಗುಡ್ಡದಲ್ಲಿ 30-40 ಮಹಡಿ ಕಟ್ತಾರಲ್ಲ, ಬೀಳುದಿಲ್ವಾ?"

ಯಾಕೆ ಕಟ್ಟುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ಅರ್ಧ ಎಕರೆ ಹಿತ್ತಿಲು, ಹಳೇ ಹಂಚಿನ ಮನೆ, ನಾಲ್ಕು ಮಕ್ಕಳು. ಇಬ್ಬರು ದುಬೈ, ಒಬ್ಬರು ಮಸ್ಕತ್, ಒಬ್ಬರು ಬೆಂಗಳೂರು. ಮಳೆಗೆ ಮುಂಚೆ ಹಂಚು ಸರಿಮಾಡಲು ಜನ ಸಿಗುವುದಿಲ್ಲ. ಬಿಲ್ಡರ್ ಬಂದು "ಜಾಗ ಕೊಡಿ, ತಲೆಗೊಂದು ಫ್ಲ್ಯಾಟ್ ತಗೊಳ್ಳಿ" ಅನ್ನುತ್ತಾರೆ. ಪಾಲಿನ ಜಗಳವೂ ಮುಗಿಯಿತು!

ಈಗ ನೆಲಕ್ಕೆ ಬರೋಣ.

[ಮೇಜಿನ ಮೇಲೆ ಬಿಸಿ ಗೋಳಿಬಜೆ, ಚಟ್ನಿ]

ನಮ್ಮ ಗುಡ್ಡದಲ್ಲಿ ಮೇಲೆ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಗಟ್ಟಿ. ಅದರ ಕೆಳಗೆ ಶೇಡಿ ಮಣ್ಣು, ಮೆತ್ತಗಿನ ಜೇಡಿ. ಇದು ಒಣಗಿದ್ದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಬಲ ಹೋಯಿತು. ಇನ್ನೂ ಕೆಳಗೆ ಬಂಡೆ.

ಈ ಗೋಳಿಬಜೆಯೇ ಗುಡ್ಡ ಅಂದುಕೊಳ್ಳಿ: ಹೊರಗಿನ ಗಟ್ಟಿ ಪದರ ಮುರಕಲ್ಲು, ಒಳಗಿನ ಮೆತ್ತಗಿನ ಬಿಳಿ ಭಾಗ ಶೇಡಿ, ಚಟ್ನಿ ಮಳೆನೀರು. ನೋಡಿ, ಇಡೀ ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತೇನೆ. ಏನೂ ಆಗಲಿಲ್ಲ. ಇನ್ನೊಂದನ್ನು ಮುರಿದು, ಒಳಗಿನ ಬಿಳಿ ಭಾಗ ಕೆಳಗೆ ಮಾಡಿ ಅದ್ದುತ್ತೇನೆ. ಒಂದು, ಎರಡು, ಮೂರು... ಹೋಯಿತು, ಬಟ್ಟಲಿನೊಳಗೇ ಬಿತ್ತು! ಇಂಜಿನಿಯರ್ ಗೆಳೆಯರೇ, ಮುರಕಲ್ಲಿನಲ್ಲೂ ತೂತಿದೆ, ಅದರ ಮೂಲಕವೂ ನೀರು ಇಳಿಯುತ್ತದೆ ಅಂತ ಗೊತ್ತು. ಹೊಟ್ಟೆ ಹಸಿದವನ ಹೋಲಿಕೆ, ಸ್ವಲ್ಪ ಬಿಡಿ.

ಟವರ್ ಶೇಡಿಯ ಮೇಲೆ ಕೂರುವುದಿಲ್ಲ. ಪೈಲಿಂಗ್ ಮಾಡುತ್ತಾರೆ. ಶೇಡಿಯನ್ನು ದಾಟಿ ಬಂಡೆಯವರೆಗೆ ಕೊರೆದು, ಕಬ್ಬಿಣದ ಪಂಜರ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಭಾರವೆಲ್ಲ ಬಂಡೆಗೆ. ಹಾಗಾಗಿ ಸರಿಯಾಗಿ ಕಟ್ಟಿದ ಟವರ್ ಬಗ್ಗೆ ನನಗೆ ಭಯ ಇಲ್ಲ.

ಭಯ ಇರುವುದು ಗುಂಡಿಯ ಬಗ್ಗೆ. ಇಷ್ಟು ಫ್ಲ್ಯಾಟ್ ಅಂದರೆ ಇಷ್ಟು ಕಾರು. ಪಾರ್ಕಿಂಗ್‌ಗಾಗಿ ಗುಡ್ಡ ಕಡಿದು ಬೇಸ್‌ಮೆಂಟ್ ತೋಡುತ್ತಾರೆ. ಅಂದರೆ ಗೋಳಿಬಜೆ ಮುರಿದರು, ಒಳಗಿನ ಶೇಡಿ ಹೊರಗೆ ಬಂತು. ಮೇಲೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. 2024ರ ಜುಲೈನಲ್ಲಿ ನಮ್ಮ ಊರಿನ ಬಲ್ಮಠದಲ್ಲಿ ಹೀಗೇ ಕಟ್ಟಡದ ಕೆಲಸ ನಡೆಯುವಾಗ ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ನೆಟ್ಟಗಿನ ಮಣ್ಣಿನ ಗೋಡೆ, ಜರಿದು ಒಬ್ಬ ಕಾರ್ಮಿಕ ಸತ್ತ. ಮೇಲಿನ ಮಹಡಿಯಿಂದ ಸಮುದ್ರ ಕಾಣುವುದನ್ನೇ ಎಲ್ಲರೂ ಮಾರುತ್ತಾರೆ. ಗುಂಡಿಯಲ್ಲಿ ನಿಂತವನಿಗೆ ಕಾಣುವುದು ಬರೆ ಮಾತ್ರ.

[ತಡೆಗೋಡೆಯ ಚಿತ್ರ]

ಟೈಮ್ ಆಯಿತು, ಬೇಗ ಹೇಳುತ್ತೇನೆ. ಫ್ಲ್ಯಾಟ್ ನೋಡಲು ಹೋದರೆ ಹಿಂದಿನ ತಡೆಗೋಡೆ ನೋಡಿ. ನೀರು ಹೊರಗೆ ಬರಲು ಸಣ್ಣ ಪೈಪು ಇರಬೇಕು, ಇಲ್ಲದಿದ್ದರೆ ಹಿಂದೆ ನಿಂತ ನೀರೇ ಗೋಡೆ ದೂಡುತ್ತದೆ. ಕುಡಿಯುವ ನೀರು ಎಲ್ಲಿಂದ ಅಂತಲೂ ಕೇಳಿ. ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು ನಂಬಿದ ಊರಿದು, 2019ರ ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಬಿಟ್ಟಿದ್ದರು. ಗಲ್ಫ್‌ನವರು ಕೊಂಡು ಬೀಗ ಹಾಕಿದ ಫ್ಲ್ಯಾಟ್‌ಗಳ ಕಥೆಗೆ ಇನ್ನೊಂದು ವಿಡಿಯೋ ಬೇಕು.

ನಿಮ್ಮ ಮನೆ ಹಿಂದಿನ ಬರೆಯ ಫೋಟೋ ಕಳಿಸಿ. ನಾನು ಬಟ್ಟಲಿಗೆ ಬಿದ್ದ ಗೋಳಿಬಜೆಯನ್ನು ಚಮಚದಲ್ಲಿ ತೆಗೆದು ತಿನ್ನುತ್ತೇನೆ.