ವಸಡಿನಲ್ಲಿ ರಕ್ತ ಕಂಡಾಗ

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಡೊಂಬಿವಲಿಯ ನನ್ನ ದವಾಖಾನೆಗೆ ಧಾರವಾಡದ ಕಡೆಯ ತಾಯಿಯೊಬ್ಬರು ಹದಿನಾಲ್ಕು ವರ್ಷದ ಮಗಳನ್ನು ಕರೆತಂದರು. ಪೇರಲ ಹಣ್ಣು ಕಚ್ಚಿದರೆ ಬಿಳಿಯ ತಿರುಳಿನ ಮೇಲೆ ರಕ್ತ ಮೂಡುತ್ತದೆಂದು ಹುಡುಗಿ ಹೆದರಿದ್ದಳು. ಬಾಯಿ ತೆರೆಸಿದೆ. ಹಲ್ಲಿನ ಬುಡದಲ್ಲಿ ವಸಡು ಕೆಂಪಾಗಿ ಊದಿ ಹೊಳೆಯುತ್ತಿತ್ತು. ಒಂದು ಕಡೆ ಬಿಳಿಚಿದ ಮಚ್ಚೆ. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಅಜ್ಜಿ ಅಲ್ಲಿ ಒತ್ತಿ ಇಟ್ಟಿದ್ದರಂತೆ. ಅದು ಸುಟ್ಟ ಗಾಯ.

"ರಕ್ತ ಬರುತ್ತದೆಂದು ಆ ಕಡೆ ಬ್ರಶ್ ತಾಗಿಸುವುದನ್ನೇ ಬಿಟ್ಟಿದ್ದೇನೆ ಡಾಕ್ಟರೇ" ಎಂದಳು.

ಕೆಡುವುದು ಇಲ್ಲಿಯೇ. ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿಗಳ ಅಂಟು ಪದರ ಕೂರುತ್ತದೆ. ಹರೆಯದಲ್ಲಿ ಹಾರ್ಮೋನುಗಳು ಏರುವಾಗ ಆ ಸ್ವಲ್ಪ ಕೊಳೆಗೂ ವಸಡು ಊದಿಕೊಳ್ಳುತ್ತದೆ. ಉಜ್ಜದೆ ಬಿಟ್ಟರೆ ಪದರ ಗಟ್ಟಿಯಾಗಿ ಕಿಟ್ಟ ಕಟ್ಟುತ್ತದೆ. ಆಮೇಲೆ ಅದನ್ನು ಯಾವ ಬ್ರಶ್ಶೂ ಯಾವ ಕಷಾಯವೂ ತೆಗೆಯದು.

ಮನೆಮದ್ದಿನ ಬಗ್ಗೆ ನನಗೆ ಗೌರವವಿದೆ. ಮೊದಲ ಮಣೆ ಉಪ್ಪುನೀರಿಗೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಹಾಕಿ, ಅರ್ಧ ನಿಮಿಷ ಮುಕ್ಕಳಿಸಿ ಉಗುಳಿ. ದಿನಕ್ಕೆ ಎರಡು ಸಲ ಸಾಕು, ನೋವು ತಗ್ಗುತ್ತದೆ. ಎಳ್ಳೆಣ್ಣೆ ಮುಕ್ಕಳಿಸುವುದೂ ನಮ್ಮ ಹಳೆಯ ರೂಢಿ. ಬಾಯಿ ತುಂಬ ಹಿಡಿದಿಡುವುದನ್ನು ಆಯುರ್ವೇದ ಗಂಡೂಷ ಎನ್ನುತ್ತದೆ. ನುಂಗದಿದ್ದರೆ ತೊಂದರೆಯಿಲ್ಲ. ಅರಿಶಿನದ ಕರ್ಕ್ಯುಮಿನ್ ಉರಿಯೂತಕ್ಕೆ ಒಳ್ಳೆಯದು. ಚಿಟಿಕೆಯಷ್ಟನ್ನು ನೀರಿನಲ್ಲಿ ಕಲಸಿ ಬೆರಳಿನಿಂದ ಮೆಲ್ಲಗೆ ಸವರಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಲವಂಗದ ಯುಜಿನಾಲ್ ನೋವನ್ನು ಮರಗಟ್ಟಿಸುತ್ತದೆ ನಿಜ, ಆದರೆ ಅದರ ಎಣ್ಣೆಯನ್ನು ಹಾಗೆಯೇ ಹಚ್ಚಬೇಡಿ. ನಿಂಬೆಹುಳಿ, ಇದ್ದಿಲ ಪುಡಿ ಬೇಡವೇ ಬೇಡ, ಹಲ್ಲು ಸವೆಯುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ವಸಡು ಗಟ್ಟಿಯಾಗುತ್ತದೆಂದು ಮಿಶ್ರಿ ತಿಕ್ಕುವವರು ಮಹಾರಾಷ್ಟ್ರದಲ್ಲಿ ಇಂದಿಗೂ ಇದ್ದಾರೆ. ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕು. ಚಟ ಹತ್ತಿಸುತ್ತದೆ, ಬಾಯಿಯ ಕ್ಯಾನ್ಸರಿಗೂ ಕಾರಣವಾಗುತ್ತದೆ. ದಯವಿಟ್ಟು ಆ ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ.

ಕಿಟ್ಟ ತೆಗೆದ ಮೇಲೆ ಆ ಹುಡುಗಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಮೃದು ಎಳೆಯ ಬ್ರಶ್ ಕೊಟ್ಟೆ. ಎಳೆಗಳನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಸಣ್ಣ ಸಣ್ಣ ಸುತ್ತು ಹಾಕುತ್ತ, ಬೆಳಿಗ್ಗೆ ಎರಡು ನಿಮಿಷ, ಮಲಗುವ ಮುನ್ನ ಎರಡು ನಿಮಿಷ. ಉಗುಳು ಕೆಂಪಾಗಿತ್ತು, ಅವಳ ಕಣ್ಣಲ್ಲಿ ನೀರು. "ಹೆದರಬೇಡ ಮಗಳೇ, ನಿಲ್ಲಿಸಬೇಡ" ಎಂದೆ. ಹತ್ತು ದಿನ ಕಳೆದು ಬಂದಾಗ ವಸಡು ತಿಳಿ ಗುಲಾಬಿಗೆ ತಿರುಗಿತ್ತು.

ನಿಮ್ಮ ಮಕ್ಕಳಿಗೆ ಎರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ. ಕೀವು, ಜ್ವರ, ಅಲುಗುವ ಹಲ್ಲು ಕಂಡರೆ ಅಷ್ಟು ದಿನವೂ ಕಾಯಬೇಡಿ. ನಮಸ್ಕಾರ.