ಬೆಕ್ಕಿನ ಬಾಯಲ್ಲಿ ದಾರದ ತುದಿ ಕಂಡರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ರಾತ್ರಿ ಎಂಟೂವರೆ ಹೊತ್ತಿಗೆ ನನಗೆ ಒಂದು ಫೋನು ಬಂತು. ನಮ್ಮ ಮನೆಯಿಂದ ಎರಡು ಬೀದಿ ಆಚೆ ರವಿಕೆ ಹೊಲಿಯುವ ಒಬ್ಬ ಅಕ್ಕ ಇದ್ದಾರೆ. ಹಬ್ಬದ ಸಮಯದಲ್ಲಿ ಅವರ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲಿ ನೋಡಿದರೂ ಬಟ್ಟೆ, ದಾರ, ಕತ್ತರಿ.

"ಡಾಕ್ಟ್ರಮ್ಮಾ, ನಮ್ಮ ಚಿನ್ನಿ ಬಾಯಿಂದ ಕೆಂಪು ದಾರ ನೇತಾಡ್ತಾ ಇದೆ. ನಿನ್ನೆ ಸೀರೆಗೆ ಫಾಲ್ಸ್ ಹಾಕ್ತಾ ಇದ್ದಾಗ ಒಂದು ಸೂಜಿ ಕಳೆದುಹೋಗಿತ್ತು. ಚಾಪೆ ಸಂದಿಗೆ ಬಿದ್ದಿರ್ಬೇಕು ಅಂದ್ಕೊಂಡೆ. ಬೆಳಿಗ್ಗೆಯಿಂದ ವಾಂತಿ ಮಾಡ್ತಾನೇ ಇದಾಳೆ. ಹುಡುಗ ಎಳೆದುಬಿಡ್ತೀನಿ ಅಂತಿದಾನೆ. ಎಳೀಲಾ?"

"ಬೇಡ ಅಕ್ಕಾ. ಎಳೀಬೇಡಿ, ಕತ್ತರಿಸಬೇಡಿ. ಹೇಗಿದೆಯೋ ಹಾಗೇ ಎತ್ತಿಕೊಂಡು ಬನ್ನಿ."

ಇವತ್ತು ನಾನು ಮಾತಾಡಲು ಬಂದಿರುವುದು ಈ ವಿಷಯಕ್ಕೇ. ಮನೆಯ ಬೆಕ್ಕು ಏನಾದರೂ ಸಣ್ಣ ವಸ್ತು ನುಂಗಿಬಿಟ್ಟರೆ ಏನು ಮಾಡಬೇಕು? ಗುಂಡಿ, ಮಣಿ, ರಬ್ಬರ್ ಬ್ಯಾಂಡ್, ಬಟನ್ ಸೆಲ್, ಎಲ್ಲದರ ಬಗ್ಗೆಯೂ ಹೇಳುತ್ತೇನೆ. ಆದರೆ ಜಾಸ್ತಿ ಹೊತ್ತು ದಾರದ ಬಗ್ಗೆಯೇ ಮಾತಾಡುತ್ತೇನೆ. ನೋಡಲು ಏನೂ ಅಲ್ಲ ಅನ್ನಿಸುವ ವಸ್ತು ಅದು. ಬೆಕ್ಕಿನ ಹೊಟ್ಟೆಗೆ ಹೋದರೆ ಅದರಷ್ಟು ಕೆಟ್ಟದ್ದು ಕಡಿಮೆ.

ಮೊದಲು ಬೆಕ್ಕಿನ ನಾಲಿಗೆ ನೋಡೋಣ. ಬೆಕ್ಕು ನಿಮ್ಮ ಕೈ ನೆಕ್ಕಿದಾಗ ಉಪ್ಪುಕಾಗದ ಉಜ್ಜಿದ ಹಾಗೆ ಆಗುತ್ತದೆ ಅಲ್ವಾ? ಆ ನಾಲಿಗೆಯ ಮೇಲೆ ಸಣ್ಣ ಸಣ್ಣ ಮುಳ್ಳುಗಳಿವೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಆ ಮುಳ್ಳೂ ಅದರಿಂದಲೇ ಆಗಿದೆ. ಎಲ್ಲ ಮುಳ್ಳುಗಳೂ ಗಂಟಲಿನ ಕಡೆಗೆ ಬಾಗಿವೆ. ಮೈಯ ಕೂದಲು ಬಾಚಿಕೊಳ್ಳಲು, ಎಲುಬಿನಿಂದ ಮಾಂಸ ಕೆರೆದು ತಿನ್ನಲು ಅದು ಬೇಕು. ಆದರೆ ದಾರ ಒಂದು ಸಲ ಆ ಮುಳ್ಳಿಗೆ ಸಿಕ್ಕಿಕೊಂಡರೆ ಉಗುಳುವುದು ಬೆಕ್ಕಿಗೆ ತುಂಬಾ ಕಷ್ಟ. ನಾಲಿಗೆ ಆಡಿಸಿದಷ್ಟೂ ದಾರ ಒಳಗೇ ಹೋಗುತ್ತದೆ. ಪಾಪ, ಅದು ಆಸೆಪಟ್ಟು ತಿಂದದ್ದಲ್ಲ. ಆಡುತ್ತಾ ಆಡುತ್ತಾ ಒಳಗೆ ಹೋಗಿಬಿಟ್ಟದ್ದು.

ಆ ರಾತ್ರಿ ಚಿನ್ನಿ ತರಕಾರಿ ಬುಟ್ಟಿಯಲ್ಲಿ ಬಂದಳು. ಮೇಲೆ ಟವೆಲ್ ಮುಚ್ಚಿದ್ದರು. ಒಂದು ವರ್ಷದ ಬೆಕ್ಕು, ಮೂರು ಕೆಜಿ ಇರಬಹುದು. ಮುಟ್ಟಿದರೆ ಬೆನ್ನು ಗೂನು ಮಾಡಿಕೊಳ್ಳುತ್ತಿದ್ದಳು. ಹೊಟ್ಟೆ ನೋವು ಅಂತ ಅಲ್ಲೇ ಗೊತ್ತಾಯಿತು. ಬಾಯಿ ತೆರೆಸಿ, ಗದ್ದದ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಹಾಗೆ ಒತ್ತಿದರೆ ನಾಲಿಗೆ ಮೇಲೇಳುತ್ತದೆ. ಅಡಿಯಲ್ಲಿ ಕೆಂಪು ದಾರ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಕೂತಿತ್ತು. ಆಗಲೇ ಚರ್ಮ ಕೊಯ್ದು ಒಂದು ಗೀರು ಬಿದ್ದಿತ್ತು. ಒಂದು ತುದಿ ತುಟಿಯ ಹೊರಗೆ. ಇನ್ನೊಂದು ತುದಿ ಗಂಟಲಿನ ಕೆಳಗೆ, ಕಾಣದ ಕಡೆಗೆ.

ಎಕ್ಸ್-ರೇಯಲ್ಲಿ ಸೂಜಿ ಬೆಳ್ಳಗೆ ಕಂಡಿತು. ಹೊಟ್ಟೆ ದಾಟಿ ಸಣ್ಣ ಕರುಳಿನಲ್ಲಿತ್ತು. ದಾರ ಕಾಣಲಿಲ್ಲ. ದಾರ, ಬಟ್ಟೆ, ರಬ್ಬರ್, ಎಷ್ಟೋ ಬಗೆಯ ಪ್ಲಾಸ್ಟಿಕ್ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಆದ್ದರಿಂದ "ಎಕ್ಸ್-ರೇಯಲ್ಲಿ ಏನೂ ಇಲ್ಲ" ಅಂದ ಮಾತ್ರಕ್ಕೆ ಹೊಟ್ಟೆಯಲ್ಲಿ ಏನೂ ಇಲ್ಲ ಅಂತ ತಿಳಿಯಬೇಡಿ. ನಾವು ಅಲ್ಲಿ ಬೇರೆ ಗುರುತು ಹುಡುಕುತ್ತೇವೆ. ಚಿನ್ನಿಯ ಕರುಳು ಹರಡಿಕೊಂಡಿರದೆ ಒಂದೇ ಕಡೆ ಮುದುಡಿತ್ತು. ಒಳಗಿನ ಗಾಳಿ ಗುಳ್ಳೆಗಳು ಅಲ್ಪವಿರಾಮ ಚಿಹ್ನೆಯ ಹಾಗೆ ಬಾಲ ಬಿಟ್ಟುಕೊಂಡು ಕಾಣುತ್ತಿದ್ದವು.

ಆ ಅಕ್ಕನಿಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಆಮೇಲೆ ಕೇಳಿದೆ: "ಅಕ್ಕಾ, ಲಂಗದ ಲಾಡಿ ಎಳೆದರೆ ಏನಾಗುತ್ತೆ?"

"ಬಟ್ಟೆ ನೆರಿಗೆ ನೆರಿಗೆಯಾಗಿ ಒಂದೇ ಕಡೆ ಸೇರಿಕೊಳ್ಳುತ್ತೆ."

"ಲಾಡಿ ಬದಲು ದಾರ, ಬಟ್ಟೆ ಬದಲು ಕರುಳು ಅಂದ್ಕೊಳ್ಳಿ."

ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಅವರಿಗೆ ಪೂರ್ತಿ ಅರ್ಥವಾಗಿತ್ತು.

ಒಳಗೆ ನಡೆಯುವುದು ಅದೇ. ಕರುಳಿನ ಕೆಲಸ ಒಳಗಿದ್ದದ್ದನ್ನು ಮುಂದಕ್ಕೆ ತಳ್ಳುವುದು. ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯ ಬಾಯಲ್ಲೋ ಸಿಕ್ಕಿಕೊಂಡಿರುತ್ತದೆ. ಕರುಳು ತಳ್ಳುತ್ತದೆ, ದಾರ ಬರುವುದಿಲ್ಲ. ಆಗ ಕರುಳೇ ದಾರದ ಮೇಲೆ ಹತ್ತಿಕೊಂಡು ಬರುತ್ತದೆ. ನೆರಿಗೆ ಬೀಳುತ್ತದೆ. ಬಿಗಿಯಾದ ದಾರ ಆ ನೆರಿಗೆಗಳ ಒಳಮೈಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಬೆಕ್ಕಿನ ಸಣ್ಣ ಕರುಳು ನಮ್ಮ ಕಿರುಬೆರಳಿನಷ್ಟೂ ದಪ್ಪ ಇರುವುದಿಲ್ಲ. ತೂತು ಬಿದ್ದರೆ ಒಳಗಿನ ಕೊಳಕೆಲ್ಲ ಹೊಟ್ಟೆಯ ತುಂಬಾ ಹರಡಿ ನಂಜಾಗುತ್ತದೆ. ಅಲ್ಲಿಂದ ಉಳಿಸುವುದು ಬಹಳ ಕಷ್ಟ.

ಬಾಯಲ್ಲಿ ಕಂಡರೂ ಸರಿ, ಬಾಲದ ಕೆಳಗೆ ಕಂಡರೂ ಸರಿ, ದಾರವನ್ನು ಎಳೆಯಬೇಡಿ ಅನ್ನುವುದು ಇದಕ್ಕೇ. ನೀವು ಎಳೆದಾಗ ಒಳಗೆ ಯಾವ ನೆರಿಗೆ ಕೊಯ್ದುಹೋಯಿತು ಅಂತ ಯಾರಿಗೂ ಕಾಣುವುದಿಲ್ಲ. ಸೂಜಿಯೋ ಮೀನಿನ ಗಾಳವೋ ತುದಿಯಲ್ಲಿದ್ದರಂತೂ ಎಳೆದ ಕೂಡಲೇ ಚುಚ್ಚಿಕೊಳ್ಳುತ್ತದೆ.

ಚಿನ್ನಿಗೆ ಆ ರಾತ್ರಿಯೇ ಆಪರೇಷನ್ ಆಯಿತು. ಅರಿವಳಿಕೆ ಕೊಟ್ಟ ಮೇಲೆ ಮೊದಲು ನಾಲಿಗೆಯ ಅಡಿಯ ದಾರ ಕತ್ತರಿಸಿದೆವು. ಆಮೇಲೆ ಕರುಳನ್ನು ಎರಡು ಕಡೆ ತೆರೆದು ಸೂಜಿಯನ್ನೂ ದಾರವನ್ನೂ ತೆಗೆದೆವು. ದಾರ ಸಡಿಲವಾದ ಕೂಡಲೇ ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಕಪ್ಪಗಾಗುತ್ತಿದ್ದ ಜಾಗಕ್ಕೆ ನಿಧಾನವಾಗಿ ಕೆಂಪು ಬಂತು. ಅದನ್ನು ನೋಡಿದಾಗ ನನಗೆ ಉಸಿರು ಬಂದ ಹಾಗಾಯಿತು. ಹೊರಗೆ ಬಂದು ಟ್ರೇಯಲ್ಲಿದ್ದ ದಾರ ತೋರಿಸಿದೆ. ಆ ಅಕ್ಕ ಕೊರಳಲ್ಲಿದ್ದ ಟೇಪು ತೆಗೆದು ಅಳತೆ ಹಿಡಿದರು. 26 ಇಂಚು. ಏನೂ ಮಾತಾಡಲಿಲ್ಲ. ಹುಡುಗ ಅಮ್ಮನ ಸೆರಗು ಹಿಡಿದುಕೊಂಡು "ನಾನು ಎಳೀಲಿಲ್ಲ ಅಲ್ವಾ ಅಮ್ಮಾ" ಅಂತ ಎರಡು ಸಲ ಕೇಳಿದ.

ಎಲ್ಲ ಬೆಕ್ಕುಗಳ ಕಥೆಯೂ ಹೀಗೆ ಮುಗಿಯುವುದಿಲ್ಲ. ಒಬ್ಬ ಹಿರಿಯರು ಹೂವಿನ ದಾರ ನುಂಗಿದ ಬೆಕ್ಕನ್ನು ಐದನೇ ದಿನ ತಂದರು. ಮಲ್ಲಿಗೆ ಮಾಲೆ ಬಾಡಿದ ಮೇಲೆ ಮೂಲೆಯಲ್ಲಿ ಬಿದ್ದಿತ್ತಂತೆ. ಐದು ದಿನವೂ ಅವರು ಸುಮ್ಮನೆ ಕೂತಿರಲಿಲ್ಲ. ಹರಳೆಣ್ಣೆ ಕುಡಿಸಿದ್ದರು, ಬಾಳೆಹಣ್ಣು ಕಿವುಚಿ ತಿನ್ನಿಸಿದ್ದರು. ಮಗು ನಾಣ್ಯ ನುಂಗಿದರೆ ನಮ್ಮ ಮನೆಗಳಲ್ಲಿ ಬಾಳೆಹಣ್ಣು ಕೊಡುತ್ತಾರಲ್ಲ, ಹಾಗೆ. ಪ್ರೀತಿಯಿಂದಲೇ ಮಾಡಿದ್ದು. ಆದರೆ ಸಿಕ್ಕಿಕೊಂಡ ದಾರಕ್ಕೆ ಹರಳೆಣ್ಣೆ ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ಕರುಳನ್ನು ಇನ್ನಷ್ಟು ಜೋರಾಗಿ ತಳ್ಳುವಂತೆ ಮಾಡುತ್ತದೆ. ಆ ಬೆಕ್ಕು ಉಳಿಯಲಿಲ್ಲ. ಅವರ ಮುಖ ನನಗೆ ಈಗಲೂ ನೆನಪಿದೆ. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಮೊದಲ ದಿನವೇ ಅವರಿಗೆ ಯಾರಾದರೂ ಹೇಳಿದ್ದರೆ ಅಂತ ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಮನೆಮದ್ದಿನ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಬೆಕ್ಕಿಗೆ ಮನೆಯಲ್ಲಿ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸಿದರೆ ಉಪ್ಪೇ ವಿಷವಾಗುತ್ತದೆ. ನಾಯಿಗೆ ಹೈಡ್ರೋಜನ್ ಪೆರಾಕ್ಸೈಡ್ ಕೊಡುತ್ತಾರೆ ಅಂತ ಎಲ್ಲೋ ಓದಿ ಬೆಕ್ಕಿಗೂ ಕೊಡುವವರಿದ್ದಾರೆ. ಅದು ಬೆಕ್ಕಿನ ಹೊಟ್ಟೆಯ ಒಳಪದರ ಸುಟ್ಟು ರಕ್ತ ಬರಿಸುತ್ತದೆ. ವಾಂತಿ ಮಾಡಿಸುವುದೇ ಸರಿ ಅನ್ನುವ ಸಂದರ್ಭವಿದ್ದರೆ ಡಾಕ್ಟರ ಹತ್ತಿರ ಅದಕ್ಕೆ ಇಂಜೆಕ್ಷನ್ ಇದೆ. ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು ಇಳಿಯಲಿ ಅಂತ ಅನ್ನದ ಉಂಡೆ ತುರುಕುವುದೂ ಬೇಡ. ನೋವು ಕಡಿಮೆಯಾಗಲಿ ಅಂತ ನಮ್ಮ ಜ್ವರದ ಮಾತ್ರೆಯನ್ನಂತೂ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಅನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. 500 ಮಿಲಿಗ್ರಾಂ ಮಾತ್ರೆ ಒಂದೇ ಒಂದು ಸಾಕು, ದೊಡ್ಡ ಬೆಕ್ಕಿನ ಜೀವ ಹೋಗಲು.

ಹಾಗಾದರೆ ಏನು ಮಾಡಬೇಕು? ಮೊದಲು ಉಸಿರು ನೋಡಿ. ಬಾಯಿ ತೆರೆದು ಒದ್ದಾಡುತ್ತಿದ್ದರೆ, ವಸಡು ನೀಲಿಯಾಗುತ್ತಿದ್ದರೆ ವಸ್ತು ಗಂಟಲಲ್ಲಿ ಸಿಕ್ಕಿದೆ. ಕಣ್ಣಿಗೆ ಚೆನ್ನಾಗಿ ಕಾಣುತ್ತಿದ್ದರೆ ಮಾತ್ರ ಚಿಮಟದಿಂದ ತೆಗೆಯಿರಿ, ಸೂಜಿ ದಾರ ಬಿಟ್ಟು. ಕಾಣದಿದ್ದರೆ ಬೆರಳು ಹಾಕಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಬೆಕ್ಕಿನ ಬೆನ್ನನ್ನು ನಿಮ್ಮ ಎದೆಗೆ ಒರಗಿಸಿಕೊಂಡು, ಪಕ್ಕೆಲುಬು ಮುಗಿಯುವ ಜಾಗದ ಕೆಳಗೆ ಎರಡು ಬೆರಳಿಟ್ಟು, ಒಳಕ್ಕೂ ಮೇಲಕ್ಕೂ ನಾಲ್ಕೈದು ಸಲ ತಟ್ಟನೆ ಒತ್ತಿ. ಒತ್ತುತ್ತಲೇ ಆಸ್ಪತ್ರೆ ಕಡೆ ಹೊರಡಿ. ನೋವಿನಲ್ಲಿರುವ ಬೆಕ್ಕು ತನ್ನ ಮನೆಯವರನ್ನೂ ಕಚ್ಚುತ್ತದೆ. ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ನೀವೂ ಡಾಕ್ಟರ ಹತ್ತಿರ ಹೋಗಿ.

ಉಸಿರು ಸರಿಯಾಗಿದ್ದರೆ ಸ್ವಲ್ಪ ಸಮಾಧಾನ ತಂದುಕೊಳ್ಳಿ. ಏನು ನುಂಗಿತು, ಎಷ್ಟು ಹೊತ್ತಾಯಿತು ಅಂತ ನೋಡಿ. ಅದರ ಜೋಡಿ ಇದ್ದರೆ ಜೊತೆಗೆ ತನ್ನಿ. ಅದೇ ರವಿಕೆಯ ಇನ್ನೊಂದು ಗುಂಡಿ, ಅದೇ ಸರದ ಇನ್ನೊಂದು ಮಣಿ, ಸೆಲ್ಲಿನ ಖಾಲಿ ಪ್ಯಾಕೆಟ್ಟು. ನಮಗೆ ಅದು ಎಷ್ಟು ಸಹಾಯ ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಡಾಕ್ಟರಿಗೆ ತೋರಿಸುವವರೆಗೆ ಊಟ ಕೊಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

ನುಣುಪಾದ ಸಣ್ಣ ಗುಂಡಿಯೋ ಮಣಿಯೋ ಆಗಿದ್ದು, ಬೆಕ್ಕು ಚಟುವಟಿಕೆಯಿಂದ ಇದ್ದರೆ, ಎಕ್ಸ್-ರೇ ನೋಡಿ "ಎರಡು ಮೂರು ದಿನ ಕಾಯೋಣ" ಅಂತ ಡಾಕ್ಟರು ಹೇಳಬಹುದು. ನಮ್ಮ ಊರುಗಳಲ್ಲಿ ಬೆಕ್ಕು ಹಿತ್ತಲಿಗೆ ಹೋಗಿ ಬರುತ್ತದೆ, ಅದು ಹೊರಗೆ ಬಂತೋ ಇಲ್ಲವೋ ತಿಳಿಯುವುದೇ ಇಲ್ಲ. ಅದಕ್ಕೆ ಆ ಮೂರು ದಿನ ಒಂದು ಕೋಣೆಯಲ್ಲಿಟ್ಟು, ಹಳೆಯ ಟಬ್ಬಿನಲ್ಲಿ ಮರಳು ಹಾಕಿಡಿ. ಕಡ್ಡಿಯಿಂದ ಕೆದಕಿ ನೋಡಿ. ಅಸಹ್ಯ ಪಡಬೇಡಿ.

ಬಟನ್ ಸೆಲ್ಲಿಗೆ ಮಾತ್ರ ಕಾಯುವ ಮಾತೇ ಇಲ್ಲ. ರಿಮೋಟಿನಲ್ಲಿ, ಆಟಿಕೆಯಲ್ಲಿ ಬಿಲ್ಲೆಯ ಹಾಗೆ ಇರುತ್ತದಲ್ಲ, ಅದು. ಎಲ್ಆರ್ 44 ಅನ್ನುವ ಸಣ್ಣ ಸೆಲ್ 11.6 ಮಿಲಿಮೀಟರ್ ಅಗಲ, ಬೆಕ್ಕಿನ ಗಂಟಲಲ್ಲಿ ಇಳಿದುಬಿಡುತ್ತದೆ. ಒದ್ದೆ ಮಾಂಸಕ್ಕೆ ತಾಗಿದ ಕೂಡಲೇ ಅದರಲ್ಲಿ ಕರೆಂಟು ಹರಿದು ಸುಡುವ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಅನ್ನನಾಳ ಆಳವಾಗಿ ಸುಟ್ಟುಹೋಗಬಹುದು. ಅಯಸ್ಕಾಂತದ ಮಣಿಗಳು ಎರಡು ಒಳಗೆ ಹೋದರೂ ಅಷ್ಟೇ ತುರ್ತು. ಕರುಳಿನ ಎರಡು ಮಡಿಕೆಗಳಲ್ಲಿ ಕೂತು ಒಂದನ್ನೊಂದು ಎಳೆದುಕೊಂಡು ನಡುವಿನ ಗೋಡೆಯನ್ನು ಹಿಸುಕಿ ತೂತು ಮಾಡುತ್ತವೆ.

ಬಹಳ ಸಲ ಬೆಕ್ಕು ನುಂಗಿದ್ದನ್ನು ಯಾರೂ ನೋಡಿರುವುದಿಲ್ಲ. ಆಗ ಗುರುತುಗಳೇ ಮಾತಾಡಬೇಕು. ಮತ್ತೆ ಮತ್ತೆ ವಾಂತಿ, ನೀರು ಕುಡಿದರೂ ವಾಂತಿ. ಜೊಲ್ಲು. ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವುದು. ಮಂಚದ ಕೆಳಗೆ ಸೇರಿ ಕರೆದರೂ ಬಾರದಿರುವುದು. "ಕೂದಲಿನ ಉಂಡೆ ಇರಬೇಕು ಬಿಡಿ" ಅಂತ ದಿನ ತಳ್ಳಬೇಡಿ. ಊಟ ಬಿಟ್ಟ ಬೆಕ್ಕನ್ನು ಸುಮ್ನೆ ನೋಡುತ್ತಾ ಕೂರಬಾರದು. ಅದರಲ್ಲೂ ದಪ್ಪ ಬೆಕ್ಕು ಕೆಲವು ದಿನ ಉಪವಾಸ ಇದ್ದರೆ ಲಿವರಿನಲ್ಲಿ ಕೊಬ್ಬು ತುಂಬಿ ಅದೇ ಇನ್ನೊಂದು ಕಾಯಿಲೆಯಾಗುತ್ತದೆ.

ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಕೇಳುತ್ತೀರಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅವುಗಳ ಜೊತೆ ಆಸ್ಪತ್ರೆಯೂ ಇದೆ. ಉಳಿದ ಕಡೆ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೇ ಮೊದಲು ತೋರಿಸಿ, ಎಕ್ಸ್-ರೇ ಮತ್ತು ಆಪರೇಷನ್ ಹತ್ತಿರದಲ್ಲಿ ಎಲ್ಲಿ ಆಗುತ್ತದೆ ಅಂತ ಅವರು ಹೇಳುತ್ತಾರೆ. ಇದನ್ನು ನಾಳೆಯೇ ಹೋಗಿ ಕೇಳಿಕೊಂಡು ಬನ್ನಿ. ರಾತ್ರಿ ಯಾರು ಸಿಗುತ್ತಾರೆ ಅಂತಲೂ ಕೇಳಿ. ನಂಬರು ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

ಹಾಗೇ ಇವತ್ತು ರಾತ್ರಿ ಮಲಗುವ ಮುಂಚೆ ಮನೆಯನ್ನು ಬೆಕ್ಕಿನ ಎತ್ತರದಿಂದ ಒಂದು ಸಲ ನೋಡಿ. ಸೂಜಿ ದಾರ, ತಲೆಕೂದಲಿನ ಬ್ಯಾಂಡು, ಹೋಟೆಲಿನ ಸಾಂಬಾರ್ ಪೊಟ್ಟಣಕ್ಕೆ ಸುತ್ತಿದ ದಾರ, ಬಾಡಿದ ಹೂವಿನ ಮಾಲೆ. ದೇವರ ಮುಂದೆ ಆರಿದ ತುಪ್ಪದ ಬತ್ತಿಯನ್ನೂ ಮರೆಯಬೇಡಿ, ಆ ವಾಸನೆಗೆ ಬೆಕ್ಕು ಖಂಡಿತ ಬರುತ್ತದೆ. ಎಲ್ಲವನ್ನೂ ಮುಚ್ಚಳ ಇರುವ ಡಬ್ಬಿಗೆ ಹಾಕಿ.

ಆ ಅಕ್ಕನ ಮನೆಯಲ್ಲಿ ಈಗ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ಇದೆ. ಸಂಜೆ ಮೆಷಿನ್ ನಿಲ್ಲಿಸಿದ ಮೇಲೆ ಹುಡುಗ ಸೂಜಿ ಎಣಿಸುತ್ತಾನೆ. ಒಟ್ಟು ಒಂಬತ್ತು. ಒಂಬತ್ತೂ ಸಿಗುವವರೆಗೆ ಚಿನ್ನಿಗೆ ಆ ಕೋಣೆಯೊಳಗೆ ಪ್ರವೇಶವಿಲ್ಲ. ಬಾಗಿಲಿನ ಹೊರಗೆ ಕೂತು ಕೂಗುತ್ತಿರುತ್ತಾಳೆ.

ನಮಸ್ಕಾರ.