ಕಾಡುಪಾಪಕ್ಕೆ ಬಾಲ ಇಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಹತ್ತಿರದಲ್ಲಿ ಒಂದು ಪೆನ್ಸಿಲ್ಲು, ಹಳೇ ಕ್ಯಾಲೆಂಡರಿನ ಹಾಳೆಯೋ ಲಕೋಟೆಯೋ ಇದ್ದರೆ ಎತ್ತಿಟ್ಟುಕೊಳ್ಳಿ. ಮಧ್ಯದಲ್ಲಿ ಬೇಕಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕರೆಯಿರಿ.

ನಾನು ತುಮಕೂರಿನಲ್ಲಿದ್ದು ಮಕ್ಕಳ ಪುಸ್ತಕಗಳಿಗೆ, ಪತ್ರಿಕೆಗಳಿಗೆ ಕಾರ್ಟೂನು ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆಯಿಂದ ಕಾಡುಪಾಪದ ಕಥೆ ಬಂತು. ಕಾಡುಪಾಪ ಅಂದರೆ ರಾತ್ರಿ ಹೊತ್ತು ಮರಗಳಲ್ಲಿ ಓಡಾಡುವ ಒಂದು ಪುಟ್ಟ ಪ್ರಾಣಿ. ಚಿತ್ರಕ್ಕೆ ಕೊಟ್ಟಿದ್ದು ಎರಡೇ ದಿನ. ದುಂಡು ಕಣ್ಣು, ಪುಟ್ಟ ಕೈ, ಕೊಂಬೆಗೆ ಸುತ್ತಿಕೊಂಡ ಉದ್ದ ಬಾಲ, ಹೀಗೆ ಬರೆದು ಕಳಿಸಿಬಿಟ್ಟೆ. ಅಚ್ಚಾಯಿತು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ನಾಗವಲ್ಲಿ ಕಡೆಯ ಒಂದು ಶಾಲೆಗೆ ಹೋಗಿದ್ದಾಗ, ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಅದೇ ಪುಟ ತಂದು ನನ್ನ ಮುಂದೆ ಹಿಡಿದಳು.

"ಮಿಸ್, ಕಾಡುಪಾಪಕ್ಕೆ ಬಾಲ ಇರಲ್ಲ."

ನಿಜ. ಅದಕ್ಕೆ ಕಾಣುವಂಥ ಬಾಲವೇ ಇಲ್ಲ. ನಾಗವಲ್ಲಿ ಸುತ್ತಮುತ್ತ ಕಾಡುಪಾಪ ಇರುವುದು ಪ್ರಾಣಿಗಳ ಬಗ್ಗೆ ಆಸಕ್ತಿ ಇರುವವರಿಗೆಲ್ಲ ಗೊತ್ತು, ಆ ಹುಡುಗಿಗಂತೂ ಅದು ಊರಿನ ಪ್ರಾಣಿ. ನಾನು ಕೋತಿ ಬರೆದು ಕಾಡುಪಾಪ ಅಂತ ಹೆಸರಿಟ್ಟಿದ್ದೆ. ಆ ಪುಟ ಈಗಲೂ ನನ್ನ ಮೇಜಿನ ಮುಂದಿನ ಗೋಡೆಯಲ್ಲಿದೆ.

ಓದಲು ಬಾರದ ಮಗು ಚಿತ್ರವನ್ನು ಓದುತ್ತದೆ. ಅಮ್ಮ ಅಕ್ಷರ ಓದುತ್ತಾ ಹೋದರೆ ಮಗುವಿನ ಕಣ್ಣು ಪುಟದ ಮೂಲೆ ಮೂಲೆ ಸುತ್ತುತ್ತದೆ. ಹಿಂದಿನ ಪುಟದಲ್ಲಿ ಕೆಂಪು ಲಂಗ ಹಾಕಿದ್ದವಳು ಈ ಪುಟದಲ್ಲಿ ನೀಲಿ ಲಂಗ ಹಾಕಿದ್ದು ಯಾಕೆ ಅಂತ ಕೇಳುವುದು ಅದೇ. ಕಾರ್ಟೂನು ತಾನೇ, ಹೇಗಿದ್ದರೂ ನಡೆಯುತ್ತೆ ಅನ್ನುವವರನ್ನು ತುಂಬ ಜನ ನೋಡಿದ್ದೇನೆ, ನನಗೆ ಅದು ಒಪ್ಪಿಗೆ ಇಲ್ಲ. ಕಾರ್ಟೂನಿನಲ್ಲಿ ಹಿಗ್ಗಿಸಬಹುದು, ಕುಗ್ಗಿಸಬಹುದು. ದೊಡ್ಡವರ ಎತ್ತರ ಸುಮಾರು ಏಳು, ಏಳೂವರೆ ತಲೆಯಷ್ಟು ಇರುತ್ತದೆ, ಕಾರ್ಟೂನಿನ ಹುಡುಗನನ್ನು ಮೂರೇ ತಲೆ ಎತ್ತರಕ್ಕೆ ಇಳಿಸಿದರೂ ಅವನು ಹುಡುಗನೇ. ಕಾಡುಪಾಪದ ಕಣ್ಣನ್ನು ಇನ್ನೂ ಎರಡು ಪಟ್ಟು ದೊಡ್ಡದು ಮಾಡಿ, ಚೆನ್ನಾಗಿಯೇ ಕಾಣುತ್ತದೆ. ಆದರೆ ಇರುವುದನ್ನು ಹಿಗ್ಗಿಸಬೇಕು, ಇಲ್ಲದ್ದನ್ನು ಅಂಟಿಸಬಾರದು.

ಈಗ ಪೆನ್ಸಿಲ್ಲು ತಗೊಳ್ಳಿ. ಒಂದು ದುಂಡು ಮುಖ ಬರೆಯಿರಿ. ನಡುವಿಗಿಂತ ಸ್ವಲ್ಪ ಕೆಳಗೆ ಎರಡು ಚುಕ್ಕೆ ಇಡಿ, ಅದೇ ಕಣ್ಣು. ಕಣ್ಣು ಕೆಳಗಿಳಿದು ಹಣೆ ದೊಡ್ಡದಾದಷ್ಟೂ ಮುಖ ಎಳೆಯದಾಗುತ್ತದೆ. ಈಗ ಹುಬ್ಬಿಗೆ ಎರಡು ಗೆರೆ. ಮೂಗಿನ ಕಡೆಯ ತುದಿ ಕೆಳಗಿಳಿಸಿ, ಮಗುವಿಗೆ ಕೋಪ ಬಂತು. ಅಳಿಸಿ, ಅದೇ ತುದಿಯನ್ನು ಮೇಲಕ್ಕೆತ್ತಿ, ಈಗ ಅಳು ಬರುವ ಹಾಗಿದೆ. ಎರಡೂ ಹುಬ್ಬನ್ನು ಕಮಾನು ಮಾಡಿ ಕಣ್ಣಿನಿಂದ ದೂರ ಎತ್ತಿಬಿಡಿ, ಆಶ್ಚರ್ಯ. ಇನ್ನೂ ಬಾಯಿಯನ್ನೇ ಬರೆದಿಲ್ಲ, ಅಲ್ವಾ?

ಕಥೆಯಲ್ಲಿ ಇರುವುದನ್ನೇ ಚಿತ್ರದಲ್ಲೂ ಹೇಳಿದರೆ ಆ ಚಿತ್ರ ಸುಮ್ನೆ ಜಾಗ ತಿನ್ನುತ್ತದೆ. "ಅಜ್ಜಿ ಮುದ್ದೆ ತಿರುವುತ್ತಿದ್ದಳು" ಅಂತ ಒಂದು ಸಾಲು ಇದೆ ಅನ್ನಿ. ಅಜ್ಜಿಯ ಕೈಯಲ್ಲಿ ಮುದ್ದೆ ಕೋಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹಬೆಗೆ ಕಿರಿದಾದ ಕಣ್ಣು, ಇಷ್ಟು ಬೇಕೇ ಬೇಕು. ಹಿಂದೆ ಮೊಮ್ಮಗ ತುದಿಗಾಲಲ್ಲಿ ನಿಂತು ಬೆಲ್ಲದ ಡಬ್ಬಿಗೆ ಕೈ ಹಾಕಿದ್ದಾನೆ. ಅದು ಕಥೆಯಲ್ಲಿ ಎಲ್ಲೂ ಇಲ್ಲ. ಮಗು ಅದನ್ನು ತಾನೇ ಕಂಡುಹಿಡಿದು "ಅಜ್ಜಿ, ಹಿಂದೆ ನೋಡು!" ಅಂತ ಕೂಗುತ್ತದಲ್ಲ, ನಾನು ಈ ಕೆಲಸ ಮಾಡುವುದೇ ಆ ಕೂಗಿಗಾಗಿ.

ಹಾಗೆಯೇ ಬೆಟ್ಟ ಅಂದರೆ ಎರಡು ತ್ರಿಕೋನ, ನಡುವೆ ಸೂರ್ಯ ಬರೆಯುವುದನ್ನು ಬಿಡಬೇಕು. ನಮ್ಮ ಮಧುಗಿರಿ ಬೆಟ್ಟ ಒಂದೇ ಬಂಡೆ, ಅದರಲ್ಲಿ ತ್ರಿಕೋನ ಎಲ್ಲಿದೆ? ಮೈದನಹಳ್ಳಿ ಹುಲ್ಲುಗಾವಲಿನ ಕೃಷ್ಣಮೃಗ ಬರೆಯುವಾಗ ಹಿಂಡಿಗೆ ಹಿಂಡೇ ಕಪ್ಪು ಮೈ, ಸುರುಳಿ ಕೊಂಬು ಹಾಕುತ್ತಾರೆ. ಅದು ಬಲಿತ ಗಂಡಿನ ರೂಪ. ಹೆಣ್ಣು ತಿಳಿ ಕಂದು ಬಣ್ಣದ್ದು, ಸಾಮಾನ್ಯವಾಗಿ ಕೊಂಬು ಇರುವುದಿಲ್ಲ.

ನಮ್ಮ ಕಾಲದ ಮಕ್ಕಳು ಚಿತ್ರ ನೋಡಲು ಕಲಿತಿದ್ದು ಚಂದಮಾಮದಿಂದ. ಕನ್ನಡದಲ್ಲಿ ಅದು ಶುರುವಾಗಿದ್ದು 1949ರಲ್ಲಿ. ಅದರಲ್ಲಿ ಶಂಕರ್ ಬರೆದ ವಿಕ್ರಮ, ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಯಾವ ಸಂಚಿಕೆಯಲ್ಲಿ ನೋಡಿದರೂ ಅದೇ ವಿಕ್ರಮ. ಪಾತ್ರ ಹಾಗೆ ನಿಲ್ಲಬೇಕಾದರೆ ಕಥೆಗೆ ಕೈ ಹಾಕುವ ಮೊದಲು ಒಂದು ಹಾಳೆಯಲ್ಲಿ ಅದನ್ನು ಮುಂದಿನಿಂದ, ಪಕ್ಕದಿಂದ, ಬೆನ್ನ ಕಡೆಯಿಂದ ಬರೆದಿಟ್ಟುಕೊಳ್ಳಿ. ಜಡೆ ಯಾವ ಕಡೆ, ಅಂಗಿಗೆ ಎಷ್ಟು ಗುಂಡಿ, ಎಲ್ಲ ಅದರಲ್ಲಿರಲಿ.

ಹೊಸಬರಿಗೆ ಅಚ್ಚಿನ ಮಾತು ಸ್ವಲ್ಪ. ಎರಡು ಪುಟ ಸೇರುವ ಮಡಿಕೆಯಲ್ಲಿ ಮುಖ ಬರಬಾರದು, ಹೊಲಿಗೆಯಲ್ಲಿ ಮೂಗು ಹೋಗುತ್ತದೆ. ಅಂಚಿನವರೆಗೂ ಬಣ್ಣ ಇದ್ದರೆ ಕತ್ತರಿಸಲು 3 ಮಿಲಿಮೀಟರ್ ಜಾಸ್ತಿ ಬಿಡಿ. ಕಂಪ್ಯೂಟರ್ ಪರದೆಯಲ್ಲಿ ಹೊಳೆಯುವ ಗಿಳಿಹಸಿರು ಕಾಗದದ ಮೇಲೆ ಮಂಕಾಗುತ್ತದೆ. ಮಾತಿನ ಬಲೂನು ಬರೆಯುವವರು ಮೊದಲು ಅಕ್ಷರ ಬರೆದು ಆಮೇಲೆ ಸುತ್ತ ಗೆರೆ ಎಳೆಯಿರಿ, ಯಾಕೆಂದರೆ ನಮ್ಮ ಒತ್ತಕ್ಷರಗಳು ಕೆಳಗಿಳಿಯುತ್ತವೆ. "ರಾಷ್ಟ್ರ" ಅಂತ ಬರೆದು ನೋಡಿ, ಸಾಲಿನ ಕೆಳಗೆ ಎಷ್ಟು ಜಾಗ ಬೇಕು ಅಂತ ಗೊತ್ತಾಗುತ್ತದೆ.

ಪ್ರಕಾಶಕರಿಗೆ ಒಂದು ಕೋರಿಕೆ ಇದೆ. ಕಥೆ ಬರೆಯಲು ತಿಂಗಳುಗಟ್ಟಲೆ ಕಾಯುತ್ತೀರಿ, ಚಿತ್ರಕ್ಕೆ ಎರಡೇ ದಿನ ಕೊಡಬೇಡಿ. ಹೋಗಿ ನೋಡಿಕೊಂಡು ಬರಲು ಟೈಮು ಬೇಕು.

ಬಾಲದ ವಿಷಯ ತಿಳಿದ ಮೇಲೆ ನಾನು ಮತ್ತೆ ಆ ಊರಿಗೆ ಹೋದೆ. ಕತ್ತಲಾದ ಮೇಲೆ ಆ ಹುಡುಗಿ, ಅವಳಪ್ಪ, ಶಾಲೆಯ ಮೇಷ್ಟ್ರು ಜೊತೆಗೆ ಬಂದರು. ಅದರ ಕಣ್ಣಿಗೆ ಚುಚ್ಚಬಾರದು ಅಂತ ಟಾರ್ಚಿಗೆ ಕೆಂಪು ಕಾಗದ ಕಟ್ಟಿದ್ದೆವು. ತುಂಬ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಎಲೆಗಳ ನಡುವೆ ಕೆಂಡದ ಹಾಗೆ ಎರಡು ಚುಕ್ಕೆ, ಒಂದಕ್ಕೊಂದು ತೀರಾ ಹತ್ತಿರ. ಕಡ್ಡಿಯಂಥ ಕೈಕಾಲು. ನಾನು ಗಡಿಬಿಡಿಯಲ್ಲಿ ಅದು ನೆಗೆಯುವ ಹಾಗೆ ಗೆರೆ ಎಳೆಯುತ್ತಿದ್ದೆ. ಹುಡುಗಿ ನನ್ನ ಪುಸ್ತಕ ಇಣುಕಿ ನೋಡಿ, ಮೆಲ್ಲಗೆ ಕಿವಿಯಲ್ಲಿ ಹೇಳಿದಳು: "ಅದು ನೆಗೆಯಲ್ಲ ಮಿಸ್. ಮುಂದಿನ ಕೊಂಬೆ ಗಟ್ಟಿಯಾಗಿ ಹಿಡ್ಕೊಂಡ ಮೇಲೇ ಹಿಂದಿಂದು ಬಿಡೋದು."

ಆ ಹಾಳೆ ಹರಿದು ಹೊಸದು ತೆಗೆದೆ. ನಮಸ್ಕಾರ.